10 ತಿಂಗಳ ಮಗುವಿಗೆ ಹರ್ನಿಯಾ ಆಪರೇಷನ್. ಅರವಳಿಕೆಯಿಂದ ನೆನಪಿನ ಶಕ್ತಿ ಕುಂದುತ್ತದಾ? 3 ವರ್ಷ ತುಂಬುವವರೆಗೆ ಕಾಯಲಾ?

ಕಾಯಬೇಡಿ. ನಾನು ಕಾದು ಕೆಟ್ಟವನು.

ನಮ್ಮದು ಸಿಂಧನೂರು. ಮಗನಿಗೆ ಐದು ತಿಂಗಳಿದ್ದಾಗ, ಅತ್ತಾಗಲೆಲ್ಲ ತೊಡೆಸಂದಿಯಲ್ಲಿ ನಿಂಬೆಕಾಯಿಯಷ್ಟು ಗಂಟು ಏಳುತ್ತಿತ್ತು. ಹರ್ನಿಯಾ, ಕರುಳು ಸಂದಿನಿಂದ ಹೊರಗೆ ತಳ್ಳಿಕೊಂಡು ಬರುತ್ತಿದೆ, ಬೇಗ ಆಪರೇಷನ್ ಮಾಡಿಸಿ ಎಂದರು ಡಾಕ್ಟರು. ಆ ರಾತ್ರಿ ಮೊಬೈಲ್ ಹಿಡಿದು ಕೂತೆ. 2003ರಲ್ಲಿ ಅಮೆರಿಕದಲ್ಲಿ ಏಳು ದಿನದ ಇಲಿಮರಿಗಳಿಗೆ ಅರವಳಿಕೆ ಕೊಟ್ಟು ನೋಡಿದ್ದರು. ಮಿದುಳಿನ ಜೀವಕೋಶಗಳು ಸತ್ತಿದ್ದವು, ಕಲಿಯುವ ಶಕ್ತಿ ಕುಂದಿತ್ತು. ಎದೆ ಧಸಕ್ಕೆಂದಿತು. ಆಪರೇಷನ್ ಮುಂದೆ ಹಾಕಿಸಿದೆ.

ನನ್ನ ತಪ್ಪು ಏನಂದ್ರೆ, ಅರ್ಧ ಓದಿದ್ದು. ಆ ಇಲಿಗಳಿಗೆ ಮೂರು ಔಷಧ ಸೇರಿಸಿ ಆರು ಗಂಟೆ ಮತ್ತಿನಲ್ಲಿಟ್ಟಿದ್ದರು. ನನ್ನ ಮಗನದ್ದು ಗಂಟೆಯೊಳಗೆ ಮುಗಿಯುವ ಕೆಲಸ. 2016ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಕೊಟ್ಟ ಎಚ್ಚರಿಕೆಯಲ್ಲೂ 'ಮೂರು ವರ್ಷದೊಳಗೆ' ಅನ್ನೋದಷ್ಟೇ ಕಣ್ಣಿಗೆ ಬಿತ್ತು. 'ಮೂರು ಗಂಟೆಗಿಂತ ಜಾಸ್ತಿ, ಇಲ್ಲವೇ ಮತ್ತೆ ಮತ್ತೆ' ಅಂತ ಅಲ್ಲೇ ಇತ್ತು. ನಿಮ್ಮ ಮೂರು ವರ್ಷದ ಲೆಕ್ಕವೂ ಅಲ್ಲಿಂದಲೇ ಬಂದಿದ್ದು, ಅಲ್ವಾ? ಇನ್ನೂ ಹೊಟ್ಟೆ ಉರಿಯೋದು ಇದಕ್ಕೆ: ಏಳು ದೇಶಗಳಲ್ಲಿ ಹರ್ನಿಯಾ ಆಪರೇಷನ್ನಿಗೆ ಬಂದ 722 ಹಸುಗೂಸುಗಳನ್ನೇ ಆರಿಸಿ ನೋಡಿದ್ದರು. ಅರ್ಧದಷ್ಟು ಮಕ್ಕಳಿಗೆ ಪೂರ್ತಿ ಅರವಳಿಕೆ, ಉಳಿದವರಿಗೆ ಎಚ್ಚರವಿರುವಂತೆಯೇ ಕೆಳಭಾಗ ಮಾತ್ರ ಜೋಮು. ಐದು ವರ್ಷವಾದಾಗ ಎರಡೂ ಗುಂಪಿನ ಬುದ್ಧಿಮಟ್ಟ ಒಂದೇ. 2019ರಲ್ಲೇ ಪ್ರಕಟವಾಗಿತ್ತು. ನಾನು ಹುಡುಕಲೇ ಇಲ್ಲ, ಹೆದರಿಸುವುದನ್ನೇ ಹುಡುಕುತ್ತಿದ್ದೆ.

ಮೂರು ತಿಂಗಳಾದ ಮೇಲೆ ಒಂದು ರಾತ್ರಿ ಗಂಟು ಒಳಗೆ ಹೋಗಲಿಲ್ಲ. ಕರುಳು ಸಿಕ್ಕಿಕೊಂಡಿತ್ತು. ಅಳು ನಿಲ್ಲಲಿ ಅಂತ ಅವ್ವ ಗಂಜಿ ಕುಡಿಸಿದಳು. ಆಮೇಲೆ ಹಸಿರು ವಾಂತಿ. ರಾಯಚೂರಿಗೆ ಕಾರು ಮಾಡಿಕೊಂಡು ಹೊರಟೆವು. ಮಾನ್ವಿ ದಾಟುವಷ್ಟರಲ್ಲಿ ಅಳೋದಕ್ಕೂ ಅವನಿಗೆ ಶಕ್ತಿ ಇರಲಿಲ್ಲ. ಹೊಟ್ಟೆ ತುಂಬಿದ್ದರೆ ಮತ್ತಿನಲ್ಲಿ ವಾಂತಿ ಶ್ವಾಸಕೋಶಕ್ಕೆ ಇಳಿಯಬಹುದು ಅಂತ ಡಾಕ್ಟರು ಬೈದರು. ಕರುಳಿನ ಒಂದು ತುಂಡು ತೆಗೆಯಬೇಕಾಯಿತು. ಎರಡೂವರೆ ಗಂಟೆ. ಒಂದು ಗಂಟೆ ಉಳಿಸಲು ಹೋಗಿದ್ದೆ ನೋಡಿ!

ಮಗ ಈಗ ಚೆನ್ನಾಗಿದ್ದಾನೆ, ಶಾಲೆಗೆ ಹೋಗುತ್ತಾನೆ.

ಅರವಳಿಕೆ ಬೇಕಾ ಬೇಡವಾ ಅನ್ನೋದು ನಿಮ್ಮ ಮುಂದಿರುವ ಪ್ರಶ್ನೆಯೇ ಅಲ್ಲ. ಚಿಕ್ಕ ಮಕ್ಕಳಿಗೆ ಅರವಳಿಕೆ ಕೊಟ್ಟು ಅಭ್ಯಾಸವಿರುವ ಡಾಕ್ಟರು ಆ ಆಸ್ಪತ್ರೆಯಲ್ಲಿದ್ದಾರಾ, ಹಿಂದಿನ ರಾತ್ರಿ ಎಷ್ಟು ಹೊತ್ತಿಗೆ ಹಾಲು ನಿಲ್ಲಿಸಬೇಕು, ಅದನ್ನು ಕೇಳಿ. ಅಲ್ಲಿಯವರೆಗೆ ಗಂಟು ಗಟ್ಟಿಯಾಗಿ ಒಳಗೆ ಹೋಗದಿದ್ದರೆ ಬಾಯಿಗೆ ಏನೂ ಹಾಕಬೇಡಿ, ಬೆಳಗಾಗಲಿ ಅನ್ನಬೇಡಿ, ಹೊರಡಿ.