ಪೈಗೇಮ್‌ನಾಗ ಬಸ್ ಸರಿಸಿದ್ರ ಹಿಂದ ಹಳೇ ಬಸ್ ಯಾಕ ಉಳೀತಾವು?

ನೀವು ಪೈಗೇಮ್‌ನಾಗ (ಪೈಥಾನ್ ಭಾಷೆದಾಗ ಆಟ ಬರಿಯೂ ಲೈಬ್ರರಿ) ಹುಬ್ಬಳ್ಳಿ-ಧಾರವಾಡದ ಚಿಗರಿ ಬಸ್ಸಿನ ಚಿತ್ರ ಹಾಕಿ ಎಡದಿಂದ ಬಲಕ್ಕ ಓಡಸಾಕ ಹೊಂಟೀರಿ, ಬಸ್ ಮುಂದ ಹೋಗ್ತೈತಿ ಆದ್ರ ಹಿಂದ ಹಳೇ ಬಸ್ಸೆಲ್ಲಾ ಸಾಲಾಗಿ ಹಂಗ ಉಳೀತಾವು, ಎಕ್ಸ್ (ಬಸ್ ಅಡ್ಡಕ್ಕ ಎಲ್ಲಿ ಐತಿ ಅನ್ನೂ ನಂಬರ್) ಲೆಕ್ಕ ತಪ್ಪೇತೇನು ಅಂತ ಕೇಳೀರಿ. ಎಕ್ಸ್ ಸರಿ ಐತ್ರಿ. ಒರಸೂದು ಬಿಟ್ಟೀರಿ ಅಷ್ಟ.

ಸ್ಕ್ರೀನ್ ಅಂದ್ರ ಸಣ್ಣಾವ್ರಿದ್ದಾಗ ಸಾಲಿಗೆ ಒಯ್ತಿದ್ದಿವಲ್ಲ, ಆ ಪಾಟಿ ಇದ್ದಂಗ. ಪಾಟಿ ಮ್ಯಾಲಿನ ಚಿತ್ರಾನ ಬೆರಳಿನಿಂದ ನೂಕಿ ಸರಸಾಕ ಆಗೂದಿಲ್ಲ, ಒರಸಿ ಬಾಜೂಕ ಮತ್ತ ತಗೀಬೇಕು. ಬ್ಲಿಟ್ ಮಾಡೂದು, ಅಂದ್ರ ಚಿತ್ರಾನ ಸ್ಕ್ರೀನ್ ಮ್ಯಾಲ ಹಾಕೂದು, ಅದೂ ಪಿಕ್ಸೆಲ್‌ಗೆ (ಸ್ಕ್ರೀನಿನ ಚುಕ್ಕಿಗೆ) ಬಣ್ಣ ಬಳಿಯೂದಷ್ಟ, ಬಳದ ಮ್ಯಾಲ ಅದು ಬಸ್ಸೋ ರಸ್ತೆಯೋ ಸ್ಕ್ರೀನಿಗೆ ಗೊತ್ತಿರೂದಿಲ್ಲ. ಬಸ್ ಎಲ್ಲಿ ಐತಿ ಅನ್ನೂದು ನಿಮ್ಮ ಎಕ್ಸ್, ವೈ ಎರಡು ನಂಬರಿನಾಗ ಮಾತ್ರ ಇರ್ತೈತಿ.

ಹಂಗಾಗಿ ವೈಲ್ ಲೂಪಿನ (ಆಟ ನಡಿಯೂತನಕ ಮತ್ತ ಮತ್ತ ಓಡೂ ಕೋಡಿನ) ಒಳಗ, ಪ್ರತಿ ಸಲ, ಮೊದಲ ಕೀಬೋರ್ಡ್ ಇವೆಂಟ್ (ಯಾವ ಕೀ ಒತ್ತ್ಯಾರ ಅನ್ನೂದು) ನೋಡ್ರಿ, ಆಮ್ಯಾಲ ಎಕ್ಸ್ ಬದಲಿಸ್ರಿ, ಆಮ್ಯಾಲ ಸ್ಕ್ರೀನ್ ಫಿಲ್ ಮಾಡ್ರಿ (ಪೂರ್ತಿ ಒಂದ ಬಣ್ಣ ಬಳೀರಿ) ಇಲ್ಲಾಂದ್ರ ರಸ್ತೆ ಚಿತ್ರ ಪೂರ್ತಿ ಬ್ಲಿಟ್ ಮಾಡ್ರಿ, ಅದರ ಮ್ಯಾಲ ಬಸ್ಸು, ಕಡೀಕ ಒಂದ ಸಲ ಫ್ಲಿಪ್, ಅಂದ್ರ ತಗದಿದ್ದನ್ನ ಕಣ್ಣಿಗೆ ತೋರಸೂದು. ನೀವು ಫಿಲ್ ಲೈನನ್ನ ಲೂಪಿನ ಹೊರಗ ಬರದೀರಿ, ಅದಕ್ಕ ಅದು ಒಂದ ಸಲ ಓಡೇತಿ. ಫಿಲ್ ಆದ ಕೂಡ್ಲೆ ಒಂದು ಫ್ಲಿಪ್, ಬಸ್ ಹಾಕಿದ ಮ್ಯಾಲ ಇನ್ನೊಂದು ಫ್ಲಿಪ್ ಮಾತ್ರ ಹಾಕಬ್ಯಾಡ್ರಿ, ಖಾಲಿ ಸ್ಕ್ರೀನೂ ಕಣ್ಣಿಗೆ ಬಿದ್ದು ಚಿತ್ರ ಮಿಣಕಾಕ ಚಾಲೂ ಆಗ್ತೈತಿ.

1982ರ ಕಮೊಡೋರ್ 64 ಅನ್ನೂ ಮನಿ ಕಂಪ್ಯೂಟರಿನಾಗ ಈ ಒರಸೂ ಕೆಲಸಾನ ಇರಲಿಲ್ಲ. ಅದರ ವಿಡಿಯೋ ಚಿಪ್ 8 ಸ್ಪ್ರೈಟ್‌ಗಳನ್ನ (ಸರಿಯೂ ಸಣ್ಣ ಚಿತ್ರಗಳನ್ನ) ಬೇರೆ ಇಟ್ಕೊಂಡು, ಟಿವಿಗೆ ಚಿತ್ರ ಕಳಿಸೂವಾಗ ಮ್ಯಾಲ ಹೊದಿಸಿ ಕೊಡ್ತಿತ್ತು, ಹಿನ್ನೆಲಿ ಕೆಡ್ತಿರಲಿಲ್ಲ, ಎಕ್ಸ್ ವೈ ಬದಲಿಸಿದ್ರ ಮುಗೀತು. ಸ್ಪ್ರೈಟ್ "ಸರೀತೈತಿ" ಅಂತ ನಾವು ಅನ್ನೂದು ಆ ಮಷೀನಿಗೆ ಖರೇನ ಒಪ್ತಿತ್ತು, ಪೈಗೇಮ್‌ನಾಗ ನಾವ ಒರಸಬೇಕು.

ಹಿಂದಿನ ಹಳೇ ಬಸ್ಸಿನ ಸಾಲು ಹೋದ ಮ್ಯಾಲ ಇನ್ನೊಂದು ತ್ರಾಸ ಬರ್ತೈತಿ, ನಾ ಧಾರವಾಡದಾಗ ರೂಮ್ ಮಾಡಿದ್ದಾಗ ಎರಡು ದಿನ ಇದರಾಗ ಸಿಕ್ಕೊಂಡಿದ್ದೆ. ನನ್ನ ಹಳೇ ಲ್ಯಾಪ್‌ಟಾಪಿನಾಗ ಬಸ್ ಆರಾಮ ಹೋಗ್ತಿತ್ತು, ಗೆಳೆಯಾನ ಕಂಪ್ಯೂಟರಿನಾಗ ಕಣ್ಣು ಮುಚ್ಚಿ ತಗಿಯೂದ್ರಾಗ ಆ ಕಡೆ ಹೋಗಿ ಮಾಯ! ಯಾಕಂದ್ರ ನಾ ಪ್ರತಿ ಫ್ರೇಮಿಗೆ (ಲೂಪಿನ ಒಂದು ಸುತ್ತಿಗೆ ಬರೂ ಒಂದು ಚಿತ್ರಕ್ಕ) 4 ಪಿಕ್ಸೆಲ್ ಅಂತ ಬರದಿದ್ದೆ, ಅವನ ಮಷೀನ್ ಒಂದು ಸೆಕೆಂಡಿಗೆ ನನ್ನದಕ್ಕಿಂತ ಎಷ್ಟೋ ಹೆಚ್ಚು ಫ್ರೇಮ್ ತಗೀತಿತ್ತು. ಸೆಕೆಂಡಿನ ಲೆಕ್ಕದಾಗ ಬರೀರಿ. ಪೈಗೇಮಿನ ಕ್ಲಾಕ್ ಅನ್ನೂ ಗಡಿಯಾರದ ಟಿಕ್‌ಗೆ 60 ಕೊಟ್ರ ಅದು ಸೆಕೆಂಡಿಗೆ 60 ಫ್ರೇಮ್ ದಾಟಗೊಡೂದಿಲ್ಲ, ಹಿಂದಿನ ಫ್ರೇಮಿನಿಂದ ಎಷ್ಟು ಮಿಲಿಸೆಕೆಂಡ್ ಆತು ಅಂತಾನೂ ವಾಪಸ್ ಕೊಡ್ತೈತಿ, ಅದನ್ನ 1000ದಿಂದ ಭಾಗಿಸಿ ವೇಗಕ್ಕ ಗುಣಿಸ್ರಿ. ವೇಗ ಸೆಕೆಂಡಿಗೆ 200 ಪಿಕ್ಸೆಲ್ ಇದ್ರ ಒಂದು ಫ್ರೇಮಿಗೆ ಸುಮಾರು 3.3 ಪಿಕ್ಸೆಲ್.

ಆ ಪಾಯಿಂಟ್ ಮೂರನ್ನ ಕಳಕೋಬ್ಯಾಡ್ರಿ. ಪೈಗೇಮಿನ ರೆಕ್ಟ್ (ಚಿತ್ರದ ಜಾಗ, ಅಳತಿ ಇಟ್ಕೊಳ್ಳೂ ಚೌಕಟ್ಟು) ಪೂರ್ಣಾಂಕ ಅಷ್ಟ ಇಟ್ಕೊತೈತಿ, ರೆಕ್ಟಿನ ಎಕ್ಸ್‌ಗೆ 0.5 ಕೂಡಿಸಿದ್ರ ಬಸ್ ಬಲಕ್ಕ ಅಲುಗಾಡೂದ ಇಲ್ಲ, 0.5 ಕಳದ್ರ ಮಾತ್ರ ಎಡಕ್ಕ ಪೂರ್ತಿ 1 ಪಿಕ್ಸೆಲ್ ಹೋಗ್ತೈತಿ. ನಿಮ್ಮ ಎಕ್ಸ್ ಬ್ಯಾರೆ ಫ್ಲೋಟ್ (ಪಾಯಿಂಟ್ ಇರೂ ನಂಬರ್) ಆಗಿ ಇಟ್ಕೊಂಡು, ತಗಿಯೂವಾಗ ಅಷ್ಟ ರೌಂಡ್ ಮಾಡಿ ರೆಕ್ಟಿಗೆ ಹಾಕ್ರಿ. ಚಿತ್ರ ಲೋಡ್ ಮಾಡೂ ಲೈನ್ ಮಾತ್ರ ಲೂಪಿನ ಹೊರಗ ಇರಲಿ. ಇವತ್ತು ಮೊದಲ ಫಿಲ್ ಲೈನ್ ಒಳಗ ತಂದು ಓಡಿಸಿ ನೋಡ್ರಿ, ಆಗಲಿಲ್ಲಂದ್ರ ನಿಮ್ಮ ಲೂಪ್ ಪೂರ್ತಿ ಹಾಕ್ರಿ, ನೋಡಿ ಹೇಳ್ತೀನಿ.