ವಿನ್ಯಾಸ ತಂತ್ರಾಂಶಕ್ಕೆ ಎಂಥ ಲ್ಯಾಪ್‌ಟಾಪ್?

ಪ್ರಶ್ನೆ: ನನ್ನ ಮಗಳು ಈ ವರ್ಷ ವಿಟಿಯು ವ್ಯಾಪ್ತಿಯ ಕಾಲೇಜೊಂದರಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಸೇರಿದ್ದಾಳೆ, ಹಾಸ್ಟೆಲಿನಲ್ಲಿರುತ್ತಾಳೆ. ಮೊದಲು ಸಾಲಿಡ್ ಎಡ್ಜ್, ಮುಂದೆ ಸಾಲಿಡ್‌ವರ್ಕ್ಸ್ ಹಾಗೂ ಆನ್ಸಿಸ್ ಎಂಬ ವಿನ್ಯಾಸ, ವಿಶ್ಲೇಷಣೆಯ ತಂತ್ರಾಂಶಗಳನ್ನು ಬಳಸಬೇಕಾಗುತ್ತದೆಯಂತೆ. ದೊಡ್ಡ ಗ್ರಾಫಿಕ್ಸ್ ಕಾರ್ಡಿನ ಗೇಮಿಂಗ್ ಲ್ಯಾಪ್‌ಟಾಪನ್ನೇ ಕೊಳ್ಳಿ ಎಂದು ಅಂಗಡಿಯವರು, ಮ್ಯಾಕ್‌ಬುಕ್ ಒಳ್ಳೆಯದೆಂದು ಅವಳ ಸೋದರಮಾವ ಹೇಳುತ್ತಾರೆ. ನಮ್ಮ ಮಿತಿ 80 ಸಾವಿರ ರೂಪಾಯಿ. ಯಾವುದು ಸರಿ?
— ಓದುಗರೊಬ್ಬರು, ದಾವಣಗೆರೆ

ಉತ್ತರ: ಸೋದರಮಾವನವರ ಸಲಹೆಯನ್ನು ಬೇಗನೆ ಬದಿಗಿಡಬಹುದು. ಮ್ಯಾಕ್‌ಬುಕ್ ಉತ್ತಮ ಯಂತ್ರವೇ ಆದರೂ ಸಾಲಿಡ್ ಎಡ್ಜ್ ಮತ್ತು ಸಾಲಿಡ್‌ವರ್ಕ್ಸ್ ಎರಡೂ ವಿಂಡೋಸ್‌ಗಾಗಿಯೇ ರೂಪುಗೊಂಡವು. ಮತ್ತೊಂದು ವಿನ್ಯಾಸ ತಂತ್ರಾಂಶವಾದ ಆಟೋಕ್ಯಾಡ್‌ಗೆ ಮ್ಯಾಕ್ ಆವೃತ್ತಿ ಇದೆಯೆಂಬುದು ನಿಮ್ಮ ಮಗಳ ಸಮಸ್ಯೆಯನ್ನು ಪರಿಹರಿಸುವುದಿಲ್ಲ. ವಿಂಡೋಸ್ ಇದ್ದರೂ ಸ್ನ್ಯಾಪ್‌ಡ್ರಾಗನ್ ಪ್ರೊಸೆಸರ್‌ನ ಲ್ಯಾಪ್‌ಟಾಪ್ ಬೇಡ. ಅದರ ಬ್ಯಾಟರಿ ದೀರ್ಘಕಾಲ ಬಾಳಿದರೂ ಸಾಲಿಡ್‌ವರ್ಕ್ಸ್‌ಗೆ ಅದರ ಮೇಲೆ ಅಧಿಕೃತ ಬೆಂಬಲವಿಲ್ಲ. ಇಂಟೆಲ್ ಅಥವಾ ಎಎಂಡಿ ಪ್ರೊಸೆಸರ್ ಇರಲಿ.

ಅಂಗಡಿಯವರ ಮಾತಿನಲ್ಲಿ ಅರ್ಧ ಸತ್ಯವಿದೆ. ಗ್ರಾಫಿಕ್ಸ್ ಕಾರ್ಡಿನ ಮುಖ್ಯ ಕೆಲಸವೆಂದರೆ ಯಂತ್ರಭಾಗದ ಮೂರು ಆಯಾಮದ ಮಾದರಿಯನ್ನು ಪರದೆಯ ಮೇಲೆ ತೊಡಕಿಲ್ಲದೆ ತಿರುಗಿಸಿ ತೋರಿಸುವುದು. ಮಾದರಿಯ ಲೆಕ್ಕಾಚಾರ ನಡೆಯುವುದು ಪ್ರೊಸೆಸರ್‌ನಲ್ಲಿ. ಒಂದು ರಂಧ್ರದ ವ್ಯಾಸವನ್ನು ಬದಲಿಸಿದರೆ, ಅದನ್ನು ಆಧರಿಸಿ ಮುಂದೆ ರಚಿಸಿದ ಭಾಗಗಳನ್ನೆಲ್ಲ ಸಾಲಿಡ್‌ವರ್ಕ್ಸ್ ಕ್ರಮವಾಗಿ ಒಂದಾದ ಮೇಲೊಂದರಂತೆ ಮರುಲೆಕ್ಕ ಹಾಕಬೇಕಾಗುವುದರಿಂದ, ಈ ಕೆಲಸವನ್ನು ಪ್ರೊಸೆಸರ್‌ನೊಳಗಿನ ಹಲವು ಕೋರ್‌ಗಳಿಗೆ (ಲೆಕ್ಕ ಹಾಕುವ ಘಟಕಗಳಿಗೆ) ಹಂಚುವುದು ಕಷ್ಟ. ಇಲ್ಲಿ ಕೋರ್‌ಗಳ ಸಂಖ್ಯೆಗಿಂತ ಒಂದೊಂದು ಕೋರ್‌ನ ವೇಗವೇ ನಿರ್ಣಾಯಕ. ಆದ್ದರಿಂದ ಪ್ರೊಸೆಸರ್‌ನ ಹೆಸರಿನ ಕೊನೆಯ ಅಕ್ಷರವನ್ನು ಗಮನಿಸಿ: ‘ಯು’ ಎಂದಿದ್ದರೆ ವಿದ್ಯುತ್ ಉಳಿಸುವ ಬಗೆ, ‘ಎಚ್’ ಎಂದಿದ್ದರೆ ಹೆಚ್ಚು ಶಕ್ತಿಯ ಬಗೆ. ನಿಮಗೆ ಎರಡನೆಯದು ಬೇಕು. ವಿದ್ಯಾರ್ಥಿಗಳು ರಚಿಸುವ ಮಾದರಿಗಳಿಗೆ 4 ಅಥವಾ 6 ಜಿಬಿ ಮೆಮೊರಿಯ ಸಾಧಾರಣ ಗ್ರಾಫಿಕ್ಸ್ ಕಾರ್ಡ್ ಸಾಕು. ಸಾಲಿಡ್‌ವರ್ಕ್ಸ್ ಪ್ರಮಾಣೀಕರಿಸುವ ವೃತ್ತಿಪರ ಕಾರ್ಡುಗಳು ಬೇರೆಯೇ ಇವೆ, ಆದರೆ ಅವುಗಳ ಬೆಲೆಯನ್ನು ತೆರುವುದು ಕಂಪನಿಗಳಿಗೆ ಬಿಟ್ಟ ವಿಷಯ.

ಗ್ರಾಫಿಕ್ಸ್‌ನಲ್ಲಿ ಉಳಿಯುವ ಹಣವನ್ನು, ನಡೆಯುತ್ತಿರುವ ಕೆಲಸವನ್ನು ಹಿಡಿದಿಡುವ ತಾತ್ಕಾಲಿಕ ಮೆಮೊರಿಯಾದ ರ‍್ಯಾಮ್‌ಗೆ ಹಾಕಿ. 16 ಜಿಬಿ ಇರಲೇಬೇಕು. ಆನ್ಸಿಸ್‌ನಂಥ ವಿಶ್ಲೇಷಣಾ ತಂತ್ರಾಂಶಕ್ಕೆ ರ‍್ಯಾಮ್ ಸಾಲದೆ ಬಂದಾಗ ಅದು ಡಿಸ್ಕನ್ನು ಬಳಸತೊಡಗುತ್ತದೆ, ಆಗ ಎಂಥ ಪ್ರೊಸೆಸರ್ ಇದ್ದರೂ ಕೆಲಸ ತೆವಳುತ್ತದೆ. ಕೆಲವು ತೆಳು ಲ್ಯಾಪ್‌ಟಾಪುಗಳಲ್ಲಿ ರ‍್ಯಾಮನ್ನು ಮದರ್‌ಬೋರ್ಡಿಗೇ ಬೆಸೆದಿರುವುದರಿಂದ ಮುಂದೆ ಹೆಚ್ಚಿಸಲಾಗದು. ಮೂರನೆಯ ವರ್ಷದಲ್ಲಿ 32 ಜಿಬಿಗೆ ಏರಿಸಲು ಖಾಲಿ ಸ್ಲಾಟ್ ಇದೆಯೇ ಎಂದು ಕೇಳಿಯೇ ಹಣ ಕೊಡಿ. ಸಂಗ್ರಹಕ್ಕೆ 512 ಜಿಬಿಯ ಎಸ್‌ಎಸ್‌ಡಿ ಸಾಕು.

ಇನ್ನೊಂದು ಮಾತು: ಅವಸರಪಡಬೇಡಿ. ಮೊದಲ ವರ್ಷದ ಚಿತ್ರರಚನೆಯ ಅಭ್ಯಾಸಕ್ಕೆ ಕಾಲೇಜಿನ ಪ್ರಯೋಗಾಲಯವಿದೆ. ಮುಂದಿನ ಸೆಮಿಸ್ಟರ್‌ಗಳಲ್ಲಿ ಯಾವ ತಂತ್ರಾಂಶದ ಯಾವ ಆವೃತ್ತಿಯನ್ನು ಬಳಸುತ್ತಾರೆಂದು ವಿಭಾಗದಲ್ಲಿ ವಿಚಾರಿಸಿದ ಮೇಲೆ ಕೊಂಡರೂ ನಷ್ಟವಿಲ್ಲ. ಸಾಲಿಡ್ ಎಡ್ಜ್ ಮತ್ತು ಆನ್ಸಿಸ್‌ಗೆಂದು ಹಣ ಎತ್ತಿಡಬೇಕಾಗಿಯೂ ಇಲ್ಲ: ಅವುಗಳ ವಿದ್ಯಾರ್ಥಿ ಆವೃತ್ತಿಗಳು ಉಚಿತ. ಆನ್ಸಿಸ್‌ನ ಆ ಆವೃತ್ತಿ ಬಿಡಿಸಬಲ್ಲ ಸಮಸ್ಯೆಯ ಗಾತ್ರಕ್ಕೆ ಮಿತಿ ಇರುವುದರಿಂದ, ಅದಕ್ಕಾಗಿ ದುಬಾರಿ ಯಂತ್ರ ಕೊಳ್ಳುವುದರಲ್ಲಿ ಹುರುಳಿಲ್ಲ. ಟಚ್‌ಪ್ಯಾಡಿನಲ್ಲಿ ಮಾದರಿಯನ್ನು ತಿರುಗಿಸುವುದು ಬಲು ಪ್ರಯಾಸದ ಕೆಲಸವಾದ್ದರಿಂದ, ನಡುವೆ ಒತ್ತಬಲ್ಲ ಚಕ್ರವಿರುವ ಒಂದು ಮೌಸನ್ನೂ ಅದೇ ಬಿಲ್ಲಿಗೆ ಸೇರಿಸಿಕೊಳ್ಳಿ.