ಕೋ-ಫೌಂಡರ್ ರಾಜೀನಾಮೆ ಕೊಟ್ಟರೂ 40% ಶೇರು ಅವರ ಹೆಸರಲ್ಲೇ ಇದೆ: ಪ್ರತಿಕ್ರಿಯೆ

ಕಂಪನಿ ಬಿಟ್ಟು ಹೋದ ಕೋ-ಫೌಂಡರ್ ಹೆಸರಲ್ಲಿರುವ 40% ಶೇರನ್ನು ಏನು ಮಾಡುವುದು ಎಂದು ಕೇಳಿದ್ದೀರಿ. ಡೈರೆಕ್ಟರ್ ಹುದ್ದೆಯೇ ಬೇರೆ, ಶೇರೇ ಬೇರೆ. ಪಾರ್ಟ್ನರ್ ರಾಜೀನಾಮೆ ಕೊಟ್ಟು ಪುಣೆ ಬಿಟ್ಟು ಧಾರವಾಡ ಸೇರಿದರೂ ಆ 40% ತಾನಾಗಿ ನಿಮಗೆ ಬರುವುದಿಲ್ಲ. ನೀವಿಬ್ಬರೂ ವೆಸ್ಟಿಂಗ್ ಕರಾರು (ಕಂಪನಿಯಲ್ಲಿ ಇದ್ದಷ್ಟು ಕಾಲಕ್ಕೆ ತಕ್ಕಂತೆ ಮಾತ್ರ ಶೇರು ಪಕ್ಕಾ ಆಗುವ ಒಪ್ಪಂದ) ಮಾಡಿಕೊಂಡಿಲ್ಲ ಅನ್ನಿಸುತ್ತದೆ, ತೊಡಕು ಅಲ್ಲೇ ಇರಬೇಕು.

ಮೊದಲು ಅವಸರದ್ದು: ಪ್ರೈವೇಟ್ ಲಿಮಿಟೆಡ್‌ಗೆ ಕನಿಷ್ಠ ಇಬ್ಬರು ಡೈರೆಕ್ಟರುಗಳು ಬೇಕು. ಒಬ್ಬರೇ ಉಳಿದಿದ್ದರೆ ಮನೆಯವರನ್ನಾದರೂ ಸೇರಿಸಿ. ರಾಜೀನಾಮೆಯಾದ 30 ದಿನದೊಳಗೆ ಡೈರೆಕ್ಟರ್ ಬದಲಾವಣೆ ತಿಳಿಸುವ ಸರಕಾರಿ ಫಾರಂ ಡಿಐಆರ್-12 ಹೋಗಬೇಕು, ನಿಮ್ಮ ಸಿಎಸ್ (ಕಂಪನಿ ಸೆಕ್ರೆಟರಿ) ಮಾಡಿಕೊಡುತ್ತಾರೆ.

ಆಮೇಲೆ ಆರ್ಟಿಕಲ್ಸ್ (ಕಂಪನಿಯ ಒಳನಿಯಮಗಳ ದಾಖಲೆ) ತೆಗೆದು ಶೇರು ವರ್ಗಾವಣೆಯ ಭಾಗ ಓದಿ. ಉಳಿದ ಶೇರುದಾರರಿಗೇ ಮೊದಲ ಹಕ್ಕು ಎಂದು ಬಹಳ ಕಡೆ ಬರೆದಿರುತ್ತದೆ. ನಿಮ್ಮದನ್ನು ನೋಡದೆ ಹೇಳಲಾರೆ. ಕರಾರಿಲ್ಲದೆ ಒತ್ತಾಯದಿಂದ ಕಿತ್ತುಕೊಳ್ಳುವುದು ಆಗದ ಮಾತು, ಬೆಲೆ ಕುದುರಿಸಲೇಬೇಕು. ಈ ಮಾತು ವಾಟ್ಸಾಪಿನಲ್ಲಿ ಬೇಡ, ಪುಣೆಯ ಸ್ವಾರಗೇಟಿನಲ್ಲಿ ಬಸ್ಸು ಹತ್ತಿ ಧಾರವಾಡಕ್ಕೆ ಹೋಗಿ ಎದುರಿಗೆ ಕೂತು ಆಡಿ. ತೀರಾ ಕಡಿಮೆ ಬೆಲೆಗೆ ಕೊಂಡರೆ ಆದಾಯ ತೆರಿಗೆ ಬೀಳಬಹುದು, ಸಿಎ ಹತ್ತಿರ ಮೊದಲೇ ಮೌಲ್ಯ ಹಾಕಿಸಿ.

ಒಪ್ಪಿದರೆ, ಕಾಗದದ ಶೇರಾದರೆ ವರ್ಗಾವಣೆಯ ಫಾರಂ ಎಸ್‌ಎಚ್-4 ತುಂಬಿ, ಬೆಲೆಯ ಮೇಲೆ 0.015% ಸ್ಟ್ಯಾಂಪ್ ಡ್ಯೂಟಿ ಕಟ್ಟಿ, ಸಹಿಯಾದ 60 ದಿನದೊಳಗೆ ಕಂಪನಿಗೆ ಕೊಡಬೇಕು. ಪೂರ್ತಿ 40% ನಿಮ್ಮ ಹೆಸರಿಗೇ ಬರೆಸಿಕೊಳ್ಳಬೇಡಿ. ಶೇರುದಾರರೂ ಇಬ್ಬರಿರಲೇಬೇಕು, ಒಂದಾದರೂ ಶೇರು ಇನ್ನೊಬ್ಬರ ಹೆಸರಿಗೆ ಹೋಗಲಿ.